ಹೊಸ ಎಂ6, ಹಳೇ ಯಾಶಿಕಾ ಮತ್ತೆ ನೀನು ಕೇಳಿದ ಪ್ರಶ್ನೆ

ದೋಸ್ತಾ,

ನಿನ್ನ ವಾಯ್ಸ್ ಮೆಸೇಜು ಎರಡು ಸಲ ಕೇಳ್ದೆ. ಸಿಟ್ಟೂ ಇದೆ, ಆಸೆನೂ ಇದೆ. 2022ರ ಅಕ್ಟೋಬರಲ್ಲಿ ಜರ್ಮನಿಯ ಲೈಕಾದವ್ರು ಎಂ6 ಅನ್ನೋ ತಮ್ಮ ಹಳೇ ಫಿಲ್ಮ್ ಕ್ಯಾಮರಾನ ವಾಪಸ್ ತಂದಾಗ ನೀನು ಇದು ದುಡ್ಡಿದ್ದವರ ಆಟಿಗೆ ಅಂದಿದ್ದೆ, ನಾನೂ ಹೌದು ಅಂದಿದ್ದೆ. ಈಗ ಅರಿಯರ್ಸ್ ಬಂತು, ತೋಟದ ಪಾಲೂ ಸ್ವಲ್ಪ ಸೇರ್ತು, ಹಳೇ ಎಂ6 ತಗೊಳ್ಲಾ ಹೊಸದಾ, ಇಲ್ಲಾ ಇದರ ಸುದ್ದಿಗೇ ಹೋಗೋದು ಬೇಡ್ವಾ ಅಂತ ಕೇಳ್ತಿದೀಯ. ಫೋನಲ್ಲಿ ಹೇಳಿದ್ರೆ ಅರ್ಧ ಮಾತು ಉಳಿದುಬಿಡ್ತದೆ, ಅದಕ್ಕೇ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೇ ಹಾಕ್ತೀನಿ, ಇದೇ ಪ್ರಶ್ನೆ ಶಿರಸಿಯಿಂದ ಒಬ್ರು, ಕುಮಟಾದಿಂದ ಒಬ್ರು ಆಗ್ಲೇ ಕೇಳಿದಾರೆ.

ಮೊದ್ಲು ಒಂದು ವಿಷ್ಯ ಹೇಳ್ಬೇಕು. ನಾನು ಹೊಸ ಎಂ6ನ್ನ ಕೈಯಲ್ಲಿ ಹಿಡಿದು ನೋಡಿದೆ ಮಾರಾಯ. ಡಿಸೆಂಬರಲ್ಲಿ ಇಲ್ಲಿ ಕಾರವಾರದ ಟಾಗೋರ್ ಬೀಚಲ್ಲಿ, ಚಾಪೆಲ್ ಯುದ್ಧನೌಕೆ ನಿಲ್ಸಿದಾರಲ್ಲ ಅದ್ರ ಎದ್ರಿಗೆ, ಪುಣೆ ಕಡೆಯವ್ರು ಒಬ್ರು ಕುತ್ತಿಗೆಗೆ ಹಾಕ್ಕೊಂಡು ನಿಂತಿದ್ರು. ನಾನು ಅದನ್ನೇ ನೋಡ್ತಾ ನಿಂತಿದ್ದು ಅವ್ರಿಗೆ ಗೊತ್ತಾಯ್ತು, ನೋಡ್ತೀರಾ ಅಂತ ತಾವೇ ತೆಗೆದು ಕೊಟ್ರು. ಕಣ್ಣಿಗಿಟ್ಟು ಹಡಗಿನ ಕಂಬದ ಮೇಲೆ ಫೋಕಸ್ ಮಾಡ್ದೆ. ಮಧ್ಯದ ಸಣ್ಣ ಚೌಕದಲ್ಲಿ ಕಂಬ ಎರಡಾಗಿ ಕಾಣ್ತಿತ್ತು, ಲೆನ್ಸ್ ತಿರುಗಿಸ್ತಾ ಹೋದ ಹಾಗೆ ಒಂದು ಕಂಬ ಇನ್ನೊಂದ್ರ ಹತ್ರ ಜಾರಿ ಬಂದು ಕೂತ್ಕೊಂಡುಬಿಡ್ತು. ರೇಂಜ್‌ಫೈಂಡರ್ ಕೆಲ್ಸ ಮಾಡೋದೇ ಹೀಗೆ ಅಂತ ನಿಂಗೆ ಗೊತ್ತು, ಎರಡು ಕಿಟಕಿಯಿಂದ ಒಂದೇ ವಸ್ತು ನೋಡಿ ಆ ಕೋನದಿಂದ ದೂರ ಹಿಡಿಯೋದು, ಲೈಕಾದ ಎಂ ಸಾಲಿನ ಕ್ಯಾಮರಾದಲ್ಲಿ ಆ ಎರಡು ಕಿಟಕಿ ಮಧ್ಯ 69.25 ಮಿಲಿಮೀಟರ್. ನಮ್ಮ ಮನೆಯ ಹಳೇ ಯಾಶಿಕಾ ಕ್ಯಾಮರಾದಲ್ಲೂ ಇದೇ ತತ್ವ, ಆದ್ರೆ ಅದ್ರ ಚೌಕ ಮಂಕಾಗಿ ಹಳದಿ ತಿರುಗಿದೆ, ಇದು ತೊಳ್ದಿಟ್ಟ ಗಾಜಿನ ಹಾಗಿತ್ತು. ಆಮೇಲೆ ಬೇಕಂತಲೇ ಸಮುದ್ರದ ಕಡೆ ತಿರುಗಿಸ್ದೆ, ಸಾಯಂಕಾಲ ಐದೂವರೆ, ನೀರು ಪೂರ್ತಿ ಹೊಳೀತಿತ್ತು. ಹಳೇ ಎಂ6ನಲ್ಲಿ ಈ ಥರ ಎದುರು ಬೆಳಕು ಬಿದ್ರೆ ಫೋಕಸ್ ಚೌಕ ಬೆಳ್ಳಗಾಗಿ ಮಾಯ ಆಗೋದು ಎಲ್ರೂ ಹೇಳೋ ದೂರು. ಹೊಸದ್ರಲ್ಲಿ ಆಗ್ಲಿಲ್ಲ. ಪಶ್ಚಿಮಕ್ಕೆ ಸಮುದ್ರ ಇಟ್ಕೊಂಡು ದಿನಾ ಸಂಜೆ ಫೋಟೋ ತೆಗೆಯೋ ನಮ್ಮಂಥವ್ರಿಗೆ ಇದು ಸಣ್ಣ ವಿಷ್ಯ ಅಲ್ಲ.

ಈಗ ಜನ ಏನಂದ್ರು ಅಂತ ಕೇಳಿದ್ಯಲ್ಲ. ನಮ್ಮ ಫಿಲ್ಮ್ ಹುಚ್ಚಿನ ಏಳೆಂಟು ಜನ್ರಲ್ಲೇ ಏಳೆಂಟು ಮಾತು.

ಹೆಚ್ಚಿನವ್ರು ರೇಟಿನ ಬಗ್ಗೆನೇ ಮಾತಾಡಿದ್ದು. ಅಮೆರಿಕದಲ್ಲಿ 5,295 ಡಾಲರ್ ಅಂತ ಬಂತು, ಆಗಿನ ಲೆಕ್ಕದಲ್ಲಿ 4.3 ಲಕ್ಷದ ಮೇಲೆ, ಅದೂ ಬರೀ ಬಾಡಿ, ಲೆನ್ಸ್ ಬೇರೆ, ಸುಂಕ ಬೇರೆ. ಕುಮಟಾದ ನಮ್ಮ ಮಾಸ್ತರು ಒಬ್ರು ಇದಾರಲ್ಲ, ಅವ್ರದ್ದು ಬೇರೆ ತಕರಾರು. ಲೈಕಾದವ್ರು ಫಿಲ್ಮ್ ಕ್ಯಾಮರಾ ನಿಲ್ಸೇ ಇರ್ಲಿಲ್ವಲ್ಲ, 2003ರಿಂದ ಎಂಪಿ ಇದೆ, 2014ರಿಂದ ಬೆಳಕು ಅಳೆಯೋ ಮೀಟರೇ ಇಲ್ಲದ ಎಂ-ಎ ಇದೆ, ಎಂಪಿಗೂ ಹೊಸ ಎಂ6ಗೂ ಒಳಗಿನ ಹೆಚ್ಚಿನದೆಲ್ಲ ಒಂದೇ, ಫಿಲ್ಮ್ ವಾಪಸ್ ಸುತ್ತೋಕೆ ಇದಕ್ಕೆ ಓರೆ ಕ್ರ್ಯಾಂಕ್ ಇದೆ ಅದಕ್ಕೆ ಮೇಲೆತ್ತೋ ಗುಂಡಿ ಇದೆ, ಹೆಸರಿಗೋಸ್ಕರ ಮತ್ತೆ ಯಾಕೆ ಅಂತ. ಅವ್ರ ಮಾತು ತಪ್ಪಲ್ಲ. ಆದ್ರೆ ಹೆಸರಿಗೂ ಒಂದು ಕೆಲ್ಸ ಇರ್ತದೆ. ಎಂಪಿ ಅಂದ್ರೆ ಎಷ್ಟು ಜನ್ರಿಗೆ ಗೊತ್ತು? ಎಂ6 ಅಂದ್ರೆ 1984ರಿಂದ 2002ರವರೆಗೆ ಬಂದಿದ್ದು, ಪತ್ರಿಕೆ ಫೋಟೋಗ್ರಾಫರ್‌ಗಳ ಕೈಯಲ್ಲಿ ಸವೆದಿದ್ದು. ಇವತ್ತು ಇಪ್ಪತ್ತೈದು ವರ್ಷದ ಹುಡುಗಿ ಫಿಲ್ಮ್ ಕಲೀಬೇಕು ಅಂದ್ರೆ ಅವಳ ಬಾಯಲ್ಲಿ ಬರೋ ಹೆಸ್ರು ಅದೇ.

ಹುಬ್ಬಳ್ಳಿಯವ್ರಿಗೆ ತಮ್ಮ ಹಳೇ ಎಂ6 ಬೆಲೆ ಬಿದ್ದುಹೋಗ್ತದೇನೋ ಅಂತ ಚಿಂತೆ ಆಯ್ತು. ಬೆಳಗಾವಿಯವ್ರು ಮುಂದಿನ ಕೆಂಪು ಚುಕ್ಕೆಯಲ್ಲಿ ಲೈಟ್ಜ್ ಅಂತ ಕಂಪನಿಯ ಹಳೇ ಹೆಸ್ರು ಬರ್ದಿದ್ದಕ್ಕೇ ಖುಷಿಪಟ್ರು, ಮೊದಮೊದಲ ಎಂ6ನಲ್ಲೂ ಹಾಗೇ ಇತ್ತು. ಇನ್ನೊಬ್ರು ಇಷ್ಟು ದುಡ್ಡಿನ ಕ್ಯಾಮರಾ ಬದ್ಲು ಐವತ್ತು ಸಾವಿರದ್ದೊಂದು ಮಾಡಿ ಅಂದ್ರು, ಅದನ್ನ ಪೆಂಟಾಕ್ಸ್‌ನವ್ರು 2024ರಲ್ಲಿ ಮಾಡಿದ್ರು, ಪೆಂಟಾಕ್ಸ್ 17, 500 ಡಾಲರ್ ಒಳಗೆ. ಹಾಫ್ ಫ್ರೇಮ್, ಅಂದ್ರೆ ಒಂದು ಫೋಟೋ ಜಾಗದಲ್ಲಿ ಎರಡು, ರೇಂಜ್‌ಫೈಂಡರ್ ಇಲ್ಲ, ದೂರ ಅಂದಾಜಲ್ಲಿ ಇಡ್ಬೇಕು. ಅದು ಬಂದಿದ್ದಕ್ಕೂ ನಂಗೆ ಖುಷಿನೇ.

ನಾನು ಮೊದ್ಲು ರೇಟಿನವ್ರ ಕಡೆ ಇದ್ದೆ ಅಂದ್ನಲ್ಲ, ಮನಸ್ಸು ಬದಲಾಗಿದ್ದು ಯಾಶಿಕಾದಿಂದ.

ನಿಂಗೆ ನೆನಪಿದೆ, ಚಿಕ್ಕಪ್ಪ ಹಡಗಲ್ಲಿದ್ದಾಗ ದುಬೈಯಿಂದ ತಂದಿದ್ದು, ಎಲೆಕ್ಟ್ರೋ 35. ಎಫ್ 1.7 ಲೆನ್ಸು. ನಮ್ಮ ಮನೆ ಮದ್ವೆ, ಮುಂಜಿ, ಬೈತಖೋಲ್ ಬಂದರಿನ ಬೋಟು, ಮಾಜಾಳಿಯಲ್ಲಿ ಏಂಡಿ ಬಲೆ ಎಳೆಯೋದು, ಎಲ್ಲ ಅದ್ರಲ್ಲೇ. ಅದಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಸೆಲ್ ಈಗ ಎಲ್ಲೂ ಮಾಡಲ್ಲ, ನಾನು 6 ವೋಲ್ಟಿಂದು ಒಂದು ಹಾಕಿ ಉಳಿದ ಜಾಗಕ್ಕೆ ಸ್ಪ್ರಿಂಗ್ ತುರುಕಿ ನಡೆಸ್ತಿದ್ದೆ. ಒಳಗೆ ಒಂದು ಸಣ್ಣ ರಬ್ಬರ್ ಪ್ಯಾಡ್ ಇದೆ, ಎಲ್ಲಾ ಎಲೆಕ್ಟ್ರೋ 35ಗಳಲ್ಲೂ ಅದು ವಯಸ್ಸಾಗಿ ಪುಡಿಯಾಗ್ತದೆ, ಪುಡಿಯಾದ್ರೆ ಶಟರ್ ಟೈಮಿಂಗ್ ಕೆಡ್ತದೆ. ಹುಬ್ಬಳ್ಳಿಯಲ್ಲಿ ಒಬ್ಬ ಅಜ್ಜ ರಿಪೇರಿ ಮಾಡ್ತಿದ್ರು, ಬೈಕ್ ಟ್ಯೂಬಿನ ತುಂಡು ಕತ್ತರಿಸಿ ಕೂರ್ಸಿ ಕೊಟ್ರು, ಅದೇ ಒಂಬತ್ತು ವರ್ಷ ನಡೀತು. ಆಮೇಲೆ ಸರ್ಕೀಟೇ ಹೋಯ್ತು. ಅಷ್ಟರಲ್ಲಿ ಅಜ್ಜ ಅಂಗಡಿ ಮುಚ್ಚಿದ್ರು, ಕಣ್ಣು ಕಾಣ್ಸಲ್ಲ ಅಂದ್ರು. ಬೇರೆ ಊರಿನ ಒಂದು ಕಡೆ ಕಳ್ಸಿದೆ, ಎರಡು ತಿಂಗ್ಳು ಇಟ್ಕೊಂಡು ಪಾರ್ಟ್ ಇಲ್ಲ ಅಂತ ವಾಪಸ್ ಕಳ್ಸಿದ್ರು, ಒಂದು ಸ್ಕ್ರೂ ಕಮ್ಮಿ ಇತ್ತು.

ಈಗ ಅದು ಒಂದೇ ಸ್ಪೀಡಲ್ಲಿ ಹೊಡೀತದೆ, 1/500. ಬ್ಯಾಟರಿ ಇಲ್ದೇ ಇದ್ರೆ ಅದು ಹಾಗೇನೇ. ಅಂದ್ರೆ ಬಿಸಿಲಿದ್ರೆ ಕ್ಯಾಮರಾ, ಮೋಡ ಬಂದ್ರೆ ಪೇಪರ್‌ವೇಟ್. ಜೂನಿಂದ ಸೆಪ್ಟೆಂಬರ್ ತನಕ ಕಾರವಾರದಲ್ಲಿ ಅಂಥ ಕ್ಯಾಮರಾ ಇಟ್ಕೊಂಡು ಏನು ಮಾಡೋದು ಹೇಳು. ಕಪಾಟಲ್ಲಿ ಝೀರೋ ಕ್ಯಾಂಡಲ್ ಬಲ್ಬು ಹಚ್ಚಿ ಅದ್ರ ಬೆಚ್ಚಗೆ ಇಟ್ಟಿರ್ತೀನಿ, ಲೆನ್ಸಿಗೆ ಬೂಷ್ಟು ಹಿಡೀಬಾರ್ದು ಅಂತ. ಅಷ್ಟೇ ನನ್ನ ಕೈಲಾಗೋದು.

ಎಂ6ನಲ್ಲಿ ಬ್ಯಾಟರಿ ಬೇಕಿರೋದು ಮೀಟರಿಗೆ ಮಾತ್ರ. ಸೆಲ್ ಸತ್ರೂ ಒಂದು ಸೆಕೆಂಡಿಂದ 1/1000 ತನಕ ಎಲ್ಲಾ ಸ್ಪೀಡೂ ನಡೀತದೆ, ಬರೀ ಗಿಯರು, ಸ್ಪ್ರಿಂಗು, ರಬ್ಬರ್ ಹಚ್ಚಿದ ಬಟ್ಟೆಯ ಶಟರ್ ಪರದೆ. ಇದು ಹಳೇದಕ್ಕೂ ಹೊಸದಕ್ಕೂ ಒಂದೇ. ಆದ್ರೆ ಮುಖ್ಯ ವಿಷ್ಯ ಇದೂ ಅಲ್ಲ ದೋಸ್ತಾ. ಆ ಗಿಯರು ಈಗ್ಲೂ ಯಾರೋ ಮಾಡ್ತಿದಾರೆ, ಜರ್ಮನಿಯ ವೆಟ್ಜ್ಲಾರಲ್ಲಿ ಆ ಫೋಕಸ್ ಚೌಕವನ್ನ ಕೂರ್ಸಿ ಹೊಂದಿಸೋ ಕೈ ಈಗ್ಲೂ ಇದೆ, ಆ ಕೈ ಇನ್ನೊಂದು ಕೈಗೆ ಕಲ್ಸ್ತಾ ಇದೆ. ನಿಕಾನ್‌ನವ್ರೂ ತಮ್ಮ ಹಳೇ ರೇಂಜ್‌ಫೈಂಡರ್ ಮತ್ತೆ ಮಾಡಿದ್ರಲ್ಲ, 2000ದಲ್ಲಿ ಎಸ್3, 2005ರಲ್ಲಿ ಎಸ್‌ಪಿ. ಸುಂದರವಾಗಿದ್ವು, ಆದ್ರೆ ನೆನಪಿಗೆ ಅಂತ ಇಷ್ಟೇ ಅಂತ ಮಾಡಿದ್ದು, ಮಾಡಿದ್ರು, ಮುಗೀತು. ಎಂ6 ಹಾಗಲ್ಲ, ಮಾಮೂಲಿ ಮಾಲಿನ ಪಟ್ಟಿಯಲ್ಲೇ ಸೇರ್ಸಿದ್ರು. ನಂಗೆ ಖುಷಿ ಕೊಟ್ಟಿದ್ದು ಅದು. ಒಂದ್ಸಲ ನಿಂತ್ರೆ ಮತ್ತೆ ಶುರು ಮಾಡೋದು ಎಷ್ಟು ಕಷ್ಟ ಅಂತ ನಾವು ನೋಡಿದೀವಲ್ಲ. ಊಟಿಯಲ್ಲಿ 1960ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಅಂತ ಸರ್ಕಾರದ್ದೇ ಕಂಪನಿ ಶುರುವಾಗಿ ಇಂದು ಅನ್ನೋ ಹೆಸ್ರಲ್ಲಿ ಕಪ್ಪು ಬಿಳುಪು ಫಿಲ್ಮ್ ಮಾಡ್ತಿತ್ತು, ಅದು ಮುಚ್ಚಿದ್ಮೇಲೆ ಈಗ ಒಂದೊಂದು ರೋಲಿಗೂ ಹೊರದೇಶದ ಕಡೆ ನೋಡ್ತಾ ಕೂತಿದೀವಿ. ದುಡ್ಡಿದ್ದವ್ರು ಹೊಸ ಎಂ6 ಕೊಂಡ್ರೆ ಕೊಳ್ಲಿ. ಅವ್ರು ಕೊಂಡಿದ್ದಕ್ಕೇ ಇನ್ನು ಮೂವತ್ತು ವರ್ಷ ಬಿಟ್ಟು ಯಾರದೋ ಮಗಳು ಸೆಕೆಂಡ್ ಹ್ಯಾಂಡ್ ತಗೊಂಡಾಗ ಪಾರ್ಟ್ ಸಿಗ್ತದೆ.

ನಮ್ಮ ಊರಿಗೆ ಸಂಬಂಧಪಟ್ಟಿದ್ದು ಇನ್ನೊಂದಿದೆ. ಹಳೇ ಎಂ6ನ ಮೇಲಿನ ಮುಚ್ಚಳ ಸತುವಿನ ಎರಕ. ಅದ್ರ ಪೇಂಟಿನ ಅಡಿಗೆ ಗುಳ್ಳೆ ಏಳೋದು ಗೊತ್ತಿರೋ ಕಾಯಿಲೆ. ಉಪ್ಪಿನ ಗಾಳಿಯಲ್ಲಿ ಬೈಕಿನ ಸೈಲೆನ್ಸರ್ ಎರಡು ವರ್ಷಕ್ಕೆ ತೂತಾಗೋ ಜಾಗದಲ್ಲಿ ನಂಗೆ ಅದೇ ಹೆದ್ರಿಕೆ. ಹೊಸದ್ರ ಮುಚ್ಚಳ ಗಟ್ಟಿ ಹಿತ್ತಾಳೆ ತುಂಡಿಂದ ಕೊರ್ದಿದ್ದು. ಹಿತ್ತಾಳೆ ಏನಂತ ನಮ್ಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅಜ್ಜಿ ಕಾಲದ ತಂಬಿಗೆ ಇನ್ನೂ ಬಾವಿಕಟ್ಟೆ ಮೇಲಿದೆ.

ನಿಂಗೆ ಇದು ಬೇಕಿರೋದು ಯಕ್ಷಗಾನದ ಆಟದ ಫೋಟೋಗೆ ಅಂತ ನಂಗೆ ಗೊತ್ತು. ಅದಕ್ಕಿಂತ ಒಳ್ಳೆ ಕಾರಣ ಇಲ್ಲ. ಗುಣವಂತೆ ಕಡೆ ಆ ಚೌಕಿಮನೆಯಲ್ಲಿ ವೇಷದವ್ರು ಬಣ್ಣ ಹಚ್ಕೊಳ್ತಾ ಕೂತಿದ್ದಾಗ ನಿನ್ನ ಎಸ್‌ಎಲ್‌ಆರ್ ಕ್ಯಾಮರಾದ ಒಳಗಿನ ಕನ್ನಡಿ ಟಪ್ ಅಂತ ಎದ್ದು ಬಿದ್ದಿದ್ದಕ್ಕೆ ಎಲ್ರೂ ತಿರುಗಿ ನೋಡಿದ್ದು, ನೀನು ಕ್ಯಾಮರಾ ಒಳಗಿಟ್ಟಿದ್ದು, ಮರೆತಿಲ್ಲ. ಇದ್ರಲ್ಲಿ ಕನ್ನಡಿನೇ ಇಲ್ಲ, ಪರದೆ ಸರಿದ ಸಣ್ಣ ಸದ್ದು ಅಷ್ಟೆ. ರಂಗದ ಮೇಲೆ ಇನ್ನೂ ದೊಡ್ಡ ಅನುಕೂಲ. ವೇಷ ಮಂಡಿ ಹಾಕ್ತಾ ತಿರುಗೋವಾಗ ಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಮಾಡಿದ ಕ್ಷಣ ಕಣ್ಣಿಗೆ ಕತ್ತಲೆ, ನಮ್ಗೆ ಬೇಕಾದ ಕ್ಷಣ ನಾವೇ ನೋಡಿರಲ್ಲ. ರೇಂಜ್‌ಫೈಂಡರಲ್ಲಿ ಕಿಟಕಿ ಕತ್ತಲೆ ಆಗೋದೇ ಇಲ್ಲ, ಕಿರೀಟ ಎಲ್ಲಿತ್ತು, ಕಣ್ಣು ಯಾವ ಕಡೆ ಇತ್ತು ಅಂತ ಆವಾಗ್ಲೇ ಗೊತ್ತಾಗ್ತದೆ. ಫ್ರೇಮ್ ಗೆರೆಯ ಆಚೆಗೂ ಕಾಣ್ತದೆ, ಭಾಗವತರ ಕೈ, ಚಂಡೆಯವ್ರ ಭುಜ, ಪಕ್ಕದಿಂದ ಒಳಗೆ ಬರ್ತಿರೋ ಇನ್ನೊಂದು ವೇಷ, ಎಲ್ಲ ಮೊದ್ಲೇ ತಿಳೀತದೆ. ಐಎಸ್‌ಒ 400ರ ಫಿಲ್ಮನ್ನ 1600 ಅಂತ ಇಟ್ಟು, ಎಫ್ 2, 1/60, ಚಂಡೆ ಪೆಟ್ಟು ಕೇಳ್ತಾ ಒತ್ತೋದು. ಡೆವಲಪ್ ಮಾಡೋವಾಗ ಹೊತ್ತು ಜಾಸ್ತಿ ಕೊಡ್ಬೇಕು, ಅದೂ ನೀರು ತಣ್ಣಗಿಟ್ಕೊಂಡು. ಮೇ ತಿಂಗಳ ನಮ್ಮ ನಲ್ಲಿ ನೀರಲ್ಲಿ 20 ಡಿಗ್ರಿ ಕನಸು, ನಾನು ಬಾವಿ ನೀರಿಗೆ ಐಸ್ ಹಾಕಿ ಬಕೆಟ್ಟಲ್ಲಿ ಬಾಟ್ಲಿ ನಿಲ್ಸ್ತೀನಿ.

ಹಾಗಾದ್ರೆ ಏನು ಮಾಡೋದು ಅಂತೀಯಾ. ಸಾಲ ಮಾಡ್ದೇ ಆಗ್ತದೆ ಅಂದ್ರೆ ಹೊಸದೇ ತಗೋ. ಕ್ಯಾಮರಾ ಕೊಳ್ಳೋದಕ್ಕೇ ದುಡ್ಡೆಲ್ಲ ಹೋದ್ರೆ ಲೆನ್ಸಿಗೆ ಲೈಕಾನೇ ಬೇಕು ಅಂತ ಹಟ ಮಾಡ್ಬೇಡ, ಕೋಸಿನಾದವ್ರು ಮಾಡೋ ಫೋಕ್ಟ್‌ಲ್ಯಾಂಡರ್ 35 ಇಲ್ಲಾ 50 ಸಾಕು. ಅದೂ ಆಗದಿದ್ರೆ ಒಂದು ಅಡಾಪ್ಟರ್ ಹಾಕಿ ರಷ್ಯಾದ ಜ್ಯೂಪಿಟರ್-8, ಅಡ್ಡಿಲ್ಲ. 1954ರ ಎಂ3ಯಿಂದ ಇವತ್ತಿನ ತನಕ ಲೆನ್ಸ್ ಕೂರೋ ಬಾಯಿ ಒಂದೇ, ಮುಂದೆ ಯಾವಾಗ ಬೇಕಾದ್ರೂ ಬದ್ಲಾಯ್ಸ್ಬಹುದು.

ಹಳೇದೇ ಅಂತಾದ್ರೆ ಫೋಟೋ ನೋಡಿ ದುಡ್ಡು ಕಳಿಸ್ಬೇಡ ಮಾರಾಯ, ಕೈಯಲ್ಲಿ ಹಿಡ್ದೇ ತಗೋ. ಮುಚ್ಚಳದ ಮೇಲೆ ಬೆರಳಾಡಿಸಿ ಗುಳ್ಳೆ ಇದ್ಯಾ ನೋಡು. ಒಂದು ಸೆಕೆಂಡ್, ಅರ್ಧ ಸೆಕೆಂಡ್, 1/15, ಮೂರಕ್ಕೂ ಕಿವಿಗೊಡು, ಮಧ್ಯ ಎಡವಿದ ಹಾಗೆ ಸದ್ದಾದ್ರೆ ಬೇಡ. ಲೆನ್ಸ್ ತೆಗೆದು ಪರದೆಯನ್ನ ಬಿಸಿಲಿಗೆ ಹಿಡ್ದು ಸೂಜಿ ತೂತು ನೋಡು. 1998ರಿಂದ ಬಂದ ಎಂ6 ಟಿಟಿಎಲ್ ಅನ್ನೋ ಮಾದರಿ ಸಿಕ್ರೆ ಸ್ಪೀಡ್ ಡಯಲ್ ದೊಡ್ಡದಿರ್ತದೆ, ತಿರುಗೋದೂ ಉಲ್ಟಾ, ಬೆಳಕು ಸರಿಯಿದ್ಯಾ ಅಂತ ತೋರ್ಸೋ ಒಳಗಿನ ಬಾಣದ ಗುರುತು ಯಾವ ಕಡೆಗೋ ಆ ಕಡೆಗೇ, ಕತ್ತಲಲ್ಲಿ ಅದು ಬೇಗ ಅಭ್ಯಾಸ ಆಗ್ತದೆ. ಬಾಣಗಳ ಮಧ್ಯದ ಚುಕ್ಕೆ ಟಿಟಿಎಲ್‌ನಲ್ಲಿದೆ, ಹೊಸದ್ರಲ್ಲೂ ಇದೆ, ಮೊದ್ಲಿನ ಎಂ6ನಲ್ಲಿಲ್ಲ.

ಆ ಪುಣೆಯವ್ರು ನಂಗೆ ಒಂದು ಫ್ರೇಮ್ ಹೊಡೀರಿ ಅಂದ್ರು. ಬೇಡ ಅಂದೆ, ಅವ್ರ ರೋಲು. ಅವ್ರು ಕೇಳ್ಲೇ ಇಲ್ಲ. ಕಾಳಿ ನದಿ ಕಡೆಯಿಂದ ಒಬ್ಬ ಹೆಂಗಸು ಮೀನು ಬುಟ್ಟಿ ತಲೆ ಮೇಲಿಟ್ಕೊಂಡು ಬರ್ತಿದ್ಲು, ನಾನು ಕೇಳ್ದೆ, ಅವಳು ಬುಟ್ಟಿ ಸರಿಮಾಡ್ಕೊಂಡು ನಿಂತ್ಲು. ಹೊಡ್ದೆ. ಆ ಫೋಟೋ ಈಗ ಪುಣೆಯಲ್ಲೆಲ್ಲೋ ಇದೆ, ಬಂದಿದ್ಯೋ ಇಲ್ವೋ ಗೊತ್ತಿಲ್ಲ, ನಂಬರ್ ತಗೊಳ್ಲಿಲ್ಲ.

ಶಿರಸಿಗೆ ಬೇಡರ ವೇಷಕ್ಕೆ ಬರ್ತೀಯಲ್ಲ, ಹಾಗೇ ಘಟ್ಟ ಇಳಿದು ಇಲ್ಲಿಗೂ ಬಾ, ಯಾವ ಕ್ಯಾಮರಾ ಇದ್ರೂ ಸರಿ. ಹೋದ್ಸಲ ನೀನು ಬಿಟ್ಟು ಹೋದ ಎರಡು ಎಚ್‌ಪಿ5 ಫಿಲ್ಮ್ ರೋಲು ಫ್ರಿಜ್ಜಲ್ಲಿ ಮುರುಗಲು ಸಿಪ್ಪೆ ಡಬ್ಬಿ ಹಿಂದೆ ಇದೆ, ಅಮ್ಮ ದಿನಾ ಕೇಳ್ತಾಳೆ ಅದೇನು ಔಷಧಿನಾ ಅಂತ. ಬರೋವಾಗ ಯಾಶಿಕಾಗೆ ಒಂದು ಸಣ್ಣ ಸ್ಕ್ರೂ ಸಿಗ್ತದಾ ನೋಡು, ತಳದ ಪ್ಲೇಟಿಂದು, ಫೋಟೋ ಕಳಿಸ್ತೀನಿ.

ನಿನ್ನ,
ಕಾರವಾರದವ