ಭಾನುವಾರದ ಚರ್ಚೆ: ಅಸ್ಸಾಂ-ಅರುಣಾಚಲದ ಗಡಿಸೀಮೆ

ಗೆಳೆಯರೇ, ಈ ಭಾನುವಾರ ಸಂಜೆ ನಾವು ಮಾತಾಡೋದು ಈಶಾನ್ಯದ ಗಡಿಸೀಮೆಯ ಬಗ್ಗೆ. ಬರೀ ಯುದ್ಧ, ಸೈನ್ಯ ಅಂತ ಶುರು ಮಾಡೋದು ಬೇಡ. ಕಾಡು, ನದಿ, ಜನ ಮೂರನ್ನೂ ಜೊತೆಗಿಟ್ಟು ನೋಡೋಣ.

ಬ್ರಿಟಿಷರು ಮತ್ತು ಬರ್ಮಾದ ನಡುವಿನ 1826ರ ಯಾಂಡಬೊ ಒಪ್ಪಂದದ ನಂತರ ಅಸ್ಸಾಂ ಬ್ರಿಟಿಷರ ಕೈಗೆ ಬಂತು. ಆಮೇಲೆ ಚಹಾ ತೋಟಗಳು ಬೆಟ್ಟದ ಬುಡದವರೆಗೂ ಹಬ್ಬಿದವು. ಬೆಟ್ಟದ ಜನರ ಜೊತೆ ಜಗಳ ಜಾಸ್ತಿಯಾದಾಗ, 1873ರಲ್ಲಿ ಬೆಟ್ಟದ ಸೀಮೆಗೆ ಪಾಸ್ ಇಲ್ಲದೆ ಹೋಗದಂತೆ ತಡೆಯುವ ‘ಇನ್ನರ್ ಲೈನ್’ ಎಂಬ ಗೆರೆ ಎಳೆಯಲು ಕಾನೂನು ಬಂತು. ಪಾಸ್ ಇಲ್ಲದೆ ದಾಟಿ ಶಿಕ್ಷೆಯಾದವರ ಹತ್ತಿರ ರಬ್ಬರ್, ಮೇಣ, ಆನೆದಂತ ಸಿಕ್ಕಿದರೆ ಜಪ್ತಿ ಮಾಡಬಹುದಿತ್ತು. ಈ ಒಂದು ಸಾಲು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕಾಡಿನಲ್ಲಿ ಯಾರ ಕಣ್ಣು ಯಾವುದರ ಮೇಲಿತ್ತು ಅಂತ ಅದೇ ಹೇಳುತ್ತದೆ, ಅಲ್ವಾ? ಅರುಣಾಚಲಕ್ಕೆ ಹೋಗಲು ಇಂದಿಗೂ ಹೊರಗಿನವರಿಗೆ ಆ ಗೆರೆ ದಾಟುವ ಪರವಾನಗಿ ಬೇಕು.

1950ರ ಆಗಸ್ಟ್ 15ರ ಭೂಕಂಪವನ್ನು ಮರೆಯಬೇಡಿ. ತೀವ್ರತೆ 8.6. ಗುಡ್ಡಗಳು ಕುಸಿದು ಸುಬನ್‌ಸಿರಿ ನದಿಗೆ ಅಡ್ಡ ಬಿದ್ದವು. ಕೆಲವು ದಿನಗಳ ನಂತರ ಆ ಕಟ್ಟೆ ಒಡೆದು, ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಬ್ರಹ್ಮಪುತ್ರದ ತಳದಲ್ಲಿ ಹೂಳು ತುಂಬಿತು. ಹಳೆಯ ಸದಿಯಾ ಪಟ್ಟಣ ನದಿಯ ಪಾಲಾಯಿತು. ಅಲ್ಲಿನ ಪ್ರವಾಹದ ಕಥೆ ಇದಿಲ್ಲದೆ ಅರ್ಥವೇ ಆಗುವುದಿಲ್ಲ.

1962ರ ಭಾರತ-ಚೀನಾ ಯುದ್ಧ, 1987ರಲ್ಲಿ ಅರುಣಾಚಲ ರಾಜ್ಯವಾದದ್ದು ಹೇಗೂ ಮಾತಿಗೆ ಬರುತ್ತವೆ. ಹಳೆಯ ನಕ್ಷೆ ಇದ್ದವರು ಶನಿವಾರದೊಳಗೆ ಇಲ್ಲಿ ಹಾಕಿ. ಸುಮ್ನೆ ಫಾರ್ವರ್ಡ್‌ಗಳು ಮಾತ್ರ ಬೇಡ, ದಯವಿಟ್ಟು.