ಅಮೆರಿಕದ ಮಾದರಿ ಬೇಕೆನ್ನುವ ಮುನ್ನ

ಮಾನ್ಯ ಸಂಪಾದಕರೇ,

ಹಿರಿಯ ನ್ಯಾಯಮೂರ್ತಿಗಳೇ ಹೊಸ ನ್ಯಾಯಮೂರ್ತಿಗಳ ಹೆಸರು ಶಿಫಾರಸು ಮಾಡುವ ನಮ್ಮ ಕೊಲಿಜಿಯಂ ಪದ್ಧತಿಯ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಒಂದು ವಾದ ತಪ್ಪದೆ ಬರುತ್ತದೆ. ಅಮೆರಿಕದಲ್ಲಿ ಜನರಿಂದ ಆಯ್ಕೆಯಾದ ಅಧ್ಯಕ್ಷರು ನ್ಯಾಯಮೂರ್ತಿಗಳ ಹೆಸರು ಸೂಚಿಸುತ್ತಾರೆ, ಜನರಿಂದಲೇ ಆಯ್ಕೆಯಾದ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಿಗೆ ಕೊಡುತ್ತದೆ, ನಮಗೂ ಹಾಗೇ ಇರಬಾರದೇಕೆ ಎಂದು. ಕೇಳಲು ಚೆನ್ನಾಗಿದೆ. ಆದರೆ ಈ ಪದ್ಧತಿಯಿಂದ ಅಲ್ಲಿ ಧರ್ಮ ಮತ್ತು ಸರ್ಕಾರದ ನಡುವಿನ ಗೋಡೆಗೆ ಏನಾಯಿತು ಎಂಬುದನ್ನು ಹಾಗೆ ವಾದಿಸುವವರು ನೋಡಿದಂತೆ ಕಾಣುವುದಿಲ್ಲ.

‘ಗೋಡೆ’ ಎಂಬ ಮಾತನ್ನು ಪ್ರಸಿದ್ಧಗೊಳಿಸಿದವರು ಅಂದಿನ ಅಧ್ಯಕ್ಷ ಥಾಮಸ್ ಜೆಫರ್ಸನ್, 1802ರ ಒಂದು ಪತ್ರದಲ್ಲಿ. ಸರ್ಕಾರ ಯಾವುದೇ ಧರ್ಮವನ್ನು ಸ್ಥಾಪಿಸುವ ಕಾನೂನು ಮಾಡಕೂಡದು ಎಂಬ ಸಂವಿಧಾನದ ಮೊದಲ ತಿದ್ದುಪಡಿ ಅದಕ್ಕೂ ಹಿಂದೆ, 1791ರಲ್ಲೇ ಬಂದಿತ್ತು. ಅಂದಿನಿಂದ ಇಂದಿನವರೆಗೆ ಅದರ ಒಂದಕ್ಷರವೂ ಬದಲಾಗಿಲ್ಲ. ಅದೇ ವಾಕ್ಯವನ್ನು ಓದಿ ಸುಪ್ರೀಂ ಕೋರ್ಟ್ 1962ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸರ್ಕಾರವೇ ಬರೆದುಕೊಟ್ಟ ಪ್ರಾರ್ಥನೆ ಹೇಳಿಸಬಾರದು ಎಂದಿತು; ಮರುವರ್ಷ ಬೈಬಲ್ ಪಠಣವನ್ನೂ ನಿಲ್ಲಿಸಿತು. 1980ರಲ್ಲಿ ಕೆಂಟಕಿ ರಾಜ್ಯದ ತರಗತಿಗಳ ಗೋಡೆಯಿಂದ ದಶಾಜ್ಞೆಗಳನ್ನು (ಬೈಬಲ್‌ನ ಹತ್ತು ಕಟ್ಟಳೆಗಳನ್ನು) ಇಳಿಸಿತು. ಅದೇ ವಾಕ್ಯವನ್ನು ಓದಿ ಇಂದಿನ ಪೀಠ ಬೇರೆಯದನ್ನೇ ಹೇಳುತ್ತಿದೆ. ಬದಲಾಗಿರುವುದು ಓದುವವರು.

ಓದುವವರು ಬದಲಾದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2014ರ ಮಧ್ಯಂತರ ಚುನಾವಣೆಗೆ (ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಚುನಾವಣೆಗೆ) ಅಮೆರಿಕದ ಮತದಾರರಲ್ಲಿ ಹೆಚ್ಚಿನವರು ಮತಗಟ್ಟೆಯತ್ತ ತಲೆ ಹಾಕಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಷ್ಟು ಕಡಿಮೆ ಮತದಾನ ಆಗಿರಲಿಲ್ಲ. ಸೆನೆಟ್ ರಿಪಬ್ಲಿಕನ್ನರ ಕೈಗೆ ಹೋಯಿತು. 2016ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಒಬಾಮ ಅವರು ಮೆರಿಕ್ ಗಾರ್ಲಂಡ್ ಅವರ ಹೆಸರು ಕಳುಹಿಸಿದರು. ಚುನಾವಣಾ ವರ್ಷ, ಜನರೇ ತೀರ್ಮಾನಿಸಲಿ ಎಂದು ಸೆನೆಟ್ ನಾಯಕ ಮಿಚ್ ಮೆಕಾನೆಲ್ ಆ ಕಡತವನ್ನು ಬಿಚ್ಚಲೇ ಇಲ್ಲ. 293 ದಿನ ಕಾದು ಆ ನಾಮನಿರ್ದೇಶನ ತಾನಾಗಿಯೇ ರದ್ದಾಯಿತು. ಆ ವರ್ಷ ಟ್ರಂಪ್ ಗೆದ್ದರು. ಮೂರು ರಾಜ್ಯಗಳಲ್ಲಿ ಒಟ್ಟು 80 ಸಾವಿರಕ್ಕೂ ಕಡಿಮೆ ಮತಗಳು ಆಚೀಚೆ ಆಗಿದ್ದರೆ ಸೋಲುತ್ತಿದ್ದರು, ದೇಶದ ಒಟ್ಟು ಮತಗಳಲ್ಲಿ ಹಿಂದೆಯೇ ಇದ್ದರು (ಅಲ್ಲಿ ಗೆಲುವು ರಾಜ್ಯವಾರು ಲೆಕ್ಕದಲ್ಲಿ ತೀರ್ಮಾನವಾಗುತ್ತದೆ). ಖಾಲಿ ಕುರ್ಚಿಗೆ ಗೋರ್ಸಚ್ ಬಂದರು. ಸೆನೆಟ್‌ನ ನೂರು ಸದಸ್ಯರಲ್ಲಿ 60 ಮಂದಿ ಒಪ್ಪದೆ ಚರ್ಚೆ ಮುಗಿಸಿ ಮತಕ್ಕೆ ಹಾಕುವಂತಿಲ್ಲ ಎಂಬ, ನೇಮಕಕ್ಕೆ ಅಡ್ಡಿಯಾಗಿದ್ದ ನಿಯಮವನ್ನು ಅದಕ್ಕಾಗಿಯೇ ತೆಗೆದುಹಾಕಲಾಯಿತು. (ಕೆಳಹಂತದ ನ್ಯಾಯಾಲಯಗಳಿಗೆ ಈ ನಿಯಮವನ್ನು 2013ರಲ್ಲೇ ಕಿತ್ತವರು ಡೆಮಾಕ್ರಟರು, ಇಲ್ಲಿ ಯಾರೂ ಸಾಚಾ ಅಲ್ಲ.)

2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ನಿಧನರಾದಾಗ ‘ಜನರೇ ತೀರ್ಮಾನಿಸಲಿ’ ಎಂಬ ಮಾತು ಎಲ್ಲಿ ಹೋಯಿತೋ ತಿಳಿಯದು. ಮತದಾನದ ದಿನಕ್ಕೆ ಎಂಟು ದಿನ ಉಳಿದಿರುವಾಗ, ಮುಂಗಡ ಮತದಾನ ಆಗಲೇ ನಡೆದಿರುವಾಗ, 52–48ರಲ್ಲಿ ಏಮಿ ಕೋನಿ ಬ್ಯಾರೆಟ್ ಅವರ ನೇಮಕ ಮುಗಿದಿತ್ತು. ಹಿಂದೆ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರಿಗೆ ನಾಲ್ಕು ವರ್ಷದಲ್ಲಿ ಒಂದೂ ನೇಮಕದ ಅವಕಾಶ ಸಿಕ್ಕಿರಲಿಲ್ಲ, ಟ್ರಂಪ್ ಅವರಿಗೆ ಮೂರು ಸಿಕ್ಕವು. ನಿವೃತ್ತಿ ವಯಸ್ಸೇ ಇಲ್ಲದ ಹುದ್ದೆಯಲ್ಲಿ ಸಾವಿನ ತಾರೀಖೂ ರಾಜಕೀಯವೇ.

ಫಲ ಬರಲು ತಡವಾಗಲಿಲ್ಲ. 2022ರ ಜೂನ್ ಒಂದೇ ತಿಂಗಳಲ್ಲಿ, 6–3ರ ಬಹುಮತದಲ್ಲಿ, ಮೇನ್ ರಾಜ್ಯ ಖಾಸಗಿ ಶಾಲೆಗೆ ಕೊಡುವ ಶುಲ್ಕದ ನೆರವನ್ನು ಧಾರ್ಮಿಕ ಶಾಲೆಗಳಿಗೂ ಕೊಡಬೇಕೆಂಬ ತೀರ್ಪು ಬಂತು. ಸರ್ಕಾರಿ ಶಾಲೆಯ ಫುಟ್‌ಬಾಲ್ ತರಬೇತುದಾರರು ಪಂದ್ಯ ಮುಗಿದೊಡನೆ ಮೈದಾನದ ನಡುಮಧ್ಯೆ ಮಂಡಿಯೂರಿ ಪ್ರಾರ್ಥಿಸಬಹುದೆಂಬ ತೀರ್ಪೂ ಬಂತು. ಎರಡನೆಯದನ್ನು ಬರೆದವರು ಗಾರ್ಲಂಡ್ ಕೂರಬೇಕಿದ್ದ ಕುರ್ಚಿಯಲ್ಲಿ ಕೂತ ಗೋರ್ಸಚ್. ಅದು ಸದ್ದಿಲ್ಲದ, ಖಾಸಗಿ ಪ್ರಾರ್ಥನೆ ಎಂದರು ಅವರು. ನ್ಯಾಯಮೂರ್ತಿ ಸೊಟೊಮೇಯರ್ ತಮ್ಮ ಭಿನ್ನಮತದ ತೀರ್ಪಿನೊಳಗೇ ಛಾಯಾಚಿತ್ರಗಳನ್ನು ಅಚ್ಚು ಹಾಕಿಸಿದರು: ತರಬೇತುದಾರರ ಸುತ್ತ ಸಮವಸ್ತ್ರದ ಹುಡುಗರ ಗುಂಪು. ಹದಿಹರೆಯದ ಆಟಗಾರನಿಗೆ ತಂಡದಲ್ಲಿ ಜಾಗ ಕೊಡುವವರು ಮಂಡಿಯೂರಿದಾಗ ಆತ ದೂರ ನಿಲ್ಲುವನೇ? ಶಾಲೆಯಲ್ಲಿ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲೆಡೆ ಇರುತ್ತಾರೆ. 1980ರ ತೀರ್ಪು ಕಣ್ಣೆದುರಿಗಿದ್ದರೂ ಲೂಸಿಯಾನ 2024ರಲ್ಲಿ ಪ್ರತಿ ತರಗತಿಯಲ್ಲೂ ದಶಾಜ್ಞೆ ತೂಗುಹಾಕಬೇಕೆಂದು ಕಾನೂನು ಮಾಡಿತು, ಮರುವರ್ಷ ಟೆಕ್ಸಸ್. ಅಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಕುಟುಂಬಗಳಲ್ಲಿ ಕ್ರೈಸ್ತರೂ ಯಹೂದಿಗಳೂ ಹಿಂದೂಗಳೂ ಇದ್ದಾರೆ. ಡಲ್ಲಾಸ್, ಆಸ್ಟಿನ್ ಕಡೆ ನೆಲೆಸಿ ಪೌರತ್ವ ಪಡೆದಿರುವ ನಮ್ಮ ಬಂಧುಗಳು ಚುನಾವಣೆ ಬಂದಾಗ ವೀಸಾ ಮತ್ತು ತೆರಿಗೆಯ ಮಾತನ್ನೇ ಆಡುತ್ತಾರೆ. ತಮ್ಮ ಮಗುವಿನ ತರಗತಿಯ ಗೋಡೆಯ ಮೇಲೆ ಏನಿರಬೇಕೆಂಬುದೂ ಅದೇ ಮತಪತ್ರದಲ್ಲಿದೆ.

ಹಿಂದೆ ಈ ಪದ್ಧತಿಯಲ್ಲಿ ಅಚ್ಚರಿಗೆ ಎಡೆಯಿತ್ತು ಎಂಬುದನ್ನೂ ಹೇಳಬೇಕು. ಕೆಂಟಕಿಯ ನ್ಯಾಯಾಲಯ ಕಟ್ಟಡಗಳಲ್ಲಿ ದಶಾಜ್ಞೆ ಹಾಕಿದ್ದು ತಪ್ಪು ಎಂಬ 2005ರ 5–4ರ ತೀರ್ಪನ್ನು ಬರೆದ ಸೌಟರ್ ರಿಪಬ್ಲಿಕನ್ ಅಧ್ಯಕ್ಷರಿಂದ ನೇಮಕಗೊಂಡವರು. ಜೊತೆಗೆ ನಿಂತ ಓ’ಕಾನರ್ ಕೂಡ ಹಾಗೆಯೇ. ಆ ಪಕ್ಷ ಪಾಠ ಕಲಿಯಿತು. ಟ್ರಂಪ್ ಅವರು 2016ರ ಪ್ರಚಾರದಲ್ಲೇ ಸಂಭಾವ್ಯ ನ್ಯಾಯಮೂರ್ತಿಗಳ ಪಟ್ಟಿ ಪ್ರಕಟಿಸಿದರು. ಮುಂದೆ ಹೇಗೆ ತೀರ್ಪು ಕೊಡಬಹುದೆಂದು ಮತದಾರರಿಗೆ ಮೊದಲೇ ಭರವಸೆ ಕೊಟ್ಟು ನೇಮಿಸಿದ ಮೇಲೆ, ಕಕ್ಷಿದಾರನ ವಾದ ಕೇಳುವುದಕ್ಕೆ ಏನರ್ಥ ಉಳಿಯಿತು?

ಕೊಲಿಜಿಯಂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ನ್ಯಾಯಮೂರ್ತಿಗಳ ನೇಮಕದಲ್ಲಿ ಸರ್ಕಾರಕ್ಕೂ ಪಾತ್ರ ಕೊಡುವ ನೇಮಕಾತಿ ಆಯೋಗದ ಕಾಯ್ದೆಯನ್ನು ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ಮೇಲೆ ಕೊಲಿಜಿಯಂ ಒಳಗಿನ ಕತ್ತಲೆ ಅಷ್ಟೇನೂ ಕರಗಿಲ್ಲ. ಯಾರನ್ನು ಏಕೆ ಆರಿಸಿದರು, ಯಾರನ್ನು ಏಕೆ ಬಿಟ್ಟರು ಎಂಬುದನ್ನು ಕಾರಣ ಸಮೇತ ಪ್ರಕಟಿಸಲಿ. ಶಿಫಾರಸಾದ ಹೆಸರುಗಳ ಮೇಲೆ ಸರ್ಕಾರ ಸುಮ್ಮನೆ ಕೂರದಂತೆ ಕಾನೂನಿನಲ್ಲೇ ಗಡುವು ಹಾಕಲಿ. ಇವೆರಡಕ್ಕೂ ಅಮೆರಿಕದ ಸೆನೆಟ್ ಬೇಕಾಗಿಲ್ಲ.

ಇತಿ,
ಒಬ್ಬ ನಿವೃತ್ತ ವಕೀಲ, ಧಾರವಾಡ