25 ದಿನವೂ ಸರಿ, 27 ದಿನವೂ ಸರಿ

ಸೂರ್ಯ ಒಂದು ಸುತ್ತು ತಿರುಗಲು ಎಷ್ಟು ದಿನ ಅಂತ ನಿನ್ನೆ ಇಲ್ಲಿ ಜಗಳ ಆಯ್ತಲ್ವಾ, ಒಬ್ಬರು 25 ಅಂದ್ರು, ಇನ್ನೊಬ್ಬರು 27 ಅಂದ್ರು, ಇಬ್ಬರದೂ ಸರಿ! ಸೂರ್ಯ ಗಟ್ಟಿ ಉಂಡೆ ಅಲ್ಲ, ಸಮಭಾಜಕದ ಭಾಗ ಸುಮಾರು 25 ದಿನಕ್ಕೆ ತಿರುಗಿದರೆ ಧ್ರುವದ ಕಡೆ ಸುಮಾರು 35 ದಿನ ಬೇಕು. ಅಷ್ಟರಲ್ಲಿ ಭೂಮಿಯೂ ಮುಂದೆ ಸಾಗಿರುತ್ತದೆ, ಅದಕ್ಕೇ ಸೂರ್ಯನ ಮೇಲಿನ ಒಂದು ಕಪ್ಪು ಕಲೆ ಮತ್ತೆ ನಮ್ಮೆದುರು ಬರಲು ಎರಡು ದಿನ ಜಾಸ್ತಿ, ಅಂದರೆ ಸುಮಾರು 27 ದಿನ.

ಇನ್ನು ಕಲೆಯ ಜಾಗ ಗುರುತಿಸುವುದು. ನೆಲವೇ ಇಲ್ಲದ ಕಡೆ ರೇಖಾಂಶ ಎಳೆಯುವುದು ಹೇಗೆ? 19ನೇ ಶತಮಾನದಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ರಿಚರ್ಡ್ ಕ್ಯಾರಿಂಗ್ಟನ್ ಕಲೆಗಳನ್ನು ವರ್ಷಗಟ್ಟಲೆ ಅಳೆದು, ಸುತ್ತುಗಳನ್ನು 1853ರ ನವೆಂಬರ್ 9ರಿಂದ ಎಣಿಸಿದರು. ಭೂಮಿಯಿಂದ ನೋಡಿದಂತೆ ಒಂದು ಸುತ್ತಿಗೆ ಸರಾಸರಿ 27.2753 ದಿನ. ಕಲೆಯ ರೇಖಾಂಶ ಹೇಳಲು ಇವತ್ತಿಗೂ ಅದೇ ಲೆಕ್ಕ.

ಬರಿಗಣ್ಣಲ್ಲಿ ಸುಮ್ನೆ ಸೂರ್ಯನನ್ನು ನೋಡಬೇಡಿ, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ದಿನಾ ಒಂದೇ ಹೊತ್ತಿಗೆ ಕಲೆ ಗುರುತು ಹಾಕಿ.